ತೆರಲಾರದವನು, ತೆರಲೊಲ್ಲದವನು: ಬಡವನ ಜುಲ್ಮಾನೆಯ ಚರಿತ್ರೆ

'ದಂಡ' ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಹಲವು ಅರ್ಥಗಳಿವೆ. ಕೋಲು ಎಂಬುದು ಒಂದು, ಸೈನ್ಯವೆಂಬುದು ಇನ್ನೊಂದು. ತಪ್ಪಿಗೆ ವಿಧಿಸುವ ಶಿಕ್ಷೆಯೂ, ಆ ಶಿಕ್ಷೆಯಾಗಿ ತೆರುವ ಹಣವೂ ಮೂರನೆಯ ನಾಲ್ಕನೆಯ ಅರ್ಥಗಳು. ಆಡುಮಾತಿನಲ್ಲಿ ಐದನೆಯದೊಂದು ಉಂಟು. ಫಲವಿಲ್ಲದೆ ಹೋದ ವೆಚ್ಚವನ್ನು ಕಂಡು 'ದಂಡವಾಯಿತು' ಎನ್ನುತ್ತೇವೆ. ಹಣದ ದಂಡವನ್ನು ತೆರಲಾಗದ ಬಡವನನ್ನು ಸೆರೆಮನೆಗೆ ಕಳುಹಿಸಿದಾಗ ಈ ಐದನೆಯ ಅರ್ಥವೂ ನಿಜವಾಗುತ್ತದೆ. ಅವನ ದುಡಿಮೆಯ ದಿನಗಳೂ ದಂಡ, ಅವನಿಗೆ ಅನ್ನವಿಕ್ಕಿ ಕಾವಲಿಡುವ ಸರಕಾರದ ವೆಚ್ಚವೂ ದಂಡ.

ಸಂಚಾರ ನಿಯಮವನ್ನು ಮುರಿದ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬನು ದೊಡ್ಡ ಕಾರಿನ ಒಡೆಯ. ಇನ್ನೊಬ್ಬನು ಬಾಡಿಗೆ ಆಟೋ ಓಡಿಸಿ ಅಂದಂದಿನ ಸಂಪಾದನೆಯಲ್ಲಿ ಅಂದಂದಿನ ಸಂಸಾರ ಸಾಗಿಸುವವನು. ತಪ್ಪು ಒಂದೇ, ವಿಧಿಸಿದ ಜುಲ್ಮಾನೆಯೂ ಒಂದೇ. ಮೊದಲನೆಯವನು ಜೇಬಿಗೆ ಕೈಹಾಕಿ ಹಣ ಕೊಟ್ಟು, ಮನೆ ಸೇರುವ ವೇಳೆಗೆ ಆ ಸಂಗತಿಯನ್ನು ಮರೆತಿರುತ್ತಾನೆ. ಎರಡನೆಯವನ ಮನೆಯಲ್ಲಿ ಅದು ವಾರದ ದಿನಸಿಯನ್ನೋ ಮಕ್ಕಳ ಶಾಲೆಯ ಶುಲ್ಕವನ್ನೋ ನುಂಗುತ್ತದೆ. ಅವನು ನ್ಯಾಯಾಲಯದ ಮುಂದೆ ಕೈಜೋಡಿಸಿ, 'ಸ್ವಾಮಿ, ನಾನು ಬಡವ, ಇದನ್ನು ಮನ್ನಾ ಮಾಡಬೇಕು' ಎಂದು ಬೇಡಿಕೊಂಡರೆ ನ್ಯಾಯಾಧೀಶರು ಏನು ಮಾಡಬೇಕು? ಬಡತನವನ್ನು ನೋಡಿ ಬಿಟ್ಟರೆ ಕಾನೂನು ಸಡಿಲವಾಯಿತು ಎನ್ನುವವರಿದ್ದಾರೆ. ಬಿಡದಿದ್ದರೆ ದಯೆಯಿಲ್ಲವೆನ್ನುವವರೂ ಇದ್ದಾರೆ. ಚರಿತ್ರೆಯನ್ನು ತೆರೆದು ನೋಡಿದರೆ ಇದು ಕೇವಲ ದಯೆಯ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆಯೆಂಬುದು ತಿಳಿಯುತ್ತದೆ. ಎಂಟು ಶತಮಾನಗಳಿಂದ ಹಲವು ದೇಶಗಳ ನ್ಯಾಯವ್ಯವಸ್ಥೆಗಳು ಈ ಅಳತೆಯನ್ನು ಸರಿಪಡಿಸಲು ಹೆಣಗಿವೆ. ಆ ಹೆಣಗಾಟದ ಕೆಲವು ಘಟ್ಟಗಳನ್ನು ಇಲ್ಲಿ ನಿರೂಪಿಸಲು ಯತ್ನಿಸಿದೆ.

ಸರಕನ್ನು ಉಳಿಸಿ ದಂಡ ವಿಧಿಸು

ಇಂಗ್ಲೆಂಡಿನ ಜಾನ್ ದೊರೆಯು 1215ರ ಜೂನ್ ತಿಂಗಳಲ್ಲಿ ರನ್ನಿಮೀಡ್ ಎಂಬ ಬಯಲಿನಲ್ಲಿ ತನ್ನ ಸರದಾರರ ಒತ್ತಾಯಕ್ಕೆ ಮಣಿದು ಒಂದು ಸನ್ನದಿಗೆ ಮುದ್ರೆಯೊತ್ತಿದನು. ಅದೇ ಮ್ಯಾಗ್ನಾ ಕಾರ್ಟಾ. ರಾಜನು ಮನಬಂದಂತೆ ಜುಲ್ಮಾನೆ ಹಾಕಿ ಬೊಕ್ಕಸ ತುಂಬಿಸಿಕೊಳ್ಳುತ್ತಿದ್ದ ಕಾಲವದು. ಆ ಸನ್ನದಿನ 20ನೆಯ ವಿಧಿಯು ಜುಲ್ಮಾನೆಗೆ ಎರಡು ಮಿತಿಗಳನ್ನು ಹಾಕಿತು. ಮೊದಲನೆಯದು, ದಂಡವು ತಪ್ಪಿನ ಪ್ರಮಾಣಕ್ಕೆ ತಕ್ಕಂತಿರಬೇಕು. ಎರಡನೆಯದು, ತಪ್ಪು ಎಷ್ಟೇ ದೊಡ್ಡದಾದರೂ ದಂಡವು ಮನುಷ್ಯನ ಜೀವನಾಧಾರವನ್ನು ಕಸಿದುಕೊಳ್ಳಬಾರದು. ಸ್ವತಂತ್ರ ಪ್ರಜೆಗೆ ಅವನ ಬದುಕಿನ ನೆಲೆಯನ್ನು ಉಳಿಸಬೇಕು, ವರ್ತಕನಿಗೆ ಅವನ ಸರಕನ್ನು ಉಳಿಸಬೇಕು, ಒಕ್ಕಲಿಗೆ ಅವನ ಬೇಸಾಯದ ಸಾಧನಗಳನ್ನು ಉಳಿಸಬೇಕು. ದಂಡದ ಮೊತ್ತವನ್ನು ಗೊತ್ತುಮಾಡಲು ನೆರೆಹೊರೆಯ ಪ್ರಾಮಾಣಿಕರ ಪ್ರಮಾಣವಚನವೂ ಬೇಕಿತ್ತು. ಏಕೆಂದರೆ ಅವನ ಸ್ಥಿತಿಗತಿಯನ್ನು ಬಲ್ಲವರು ಅವರೇ.

ಅಂಗಡಿ ನಡೆಸಿ ಬದುಕುವವರಿಗೆ ಈ ವಿಧಿಯ ಮರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಲಾಭದಲ್ಲಿ ಕೊಡುವುದು ಬೇರೆ, ಮೂಲಧನವನ್ನು ಕಿತ್ತು ಕೊಡುವುದು ಬೇರೆ. ಮೂಲಧನ ಹೋದವನು ನಾಳೆ ಯಾರ ಬಾಕಿಯನ್ನೂ ತೀರಿಸಲಾರ. ಕೂಲಿಕಾರನಿಗೆ ಅವನ ದುಡಿಯುವ ದಿನಗಳೇ ಮೂಲಧನ. ಗಾಡಿ ಓಡಿಸುವವನಿಗೆ ಗಾಡಿಯೂ ಪರವಾನಗಿಯೂ ಮೂಲಧನ. ಹದಿಮೂರನೆಯ ಶತಮಾನದ ಆ ವಿಧಿ ಹೇಳಿದ್ದು ಇಷ್ಟೇ: ದಂಡದಿಂದ ನೋವಾಗಲಿ, ನಾಶವಾಗಬಾರದು.

ಆದರೆ ಸನ್ನದಿನ ಮಾತು ಸಣ್ಣ ನ್ಯಾಯಾಲಯಗಳ ಬಾಗಿಲು ಮುಟ್ಟಲು ಬಹಳ ಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಇಂಗ್ಲೆಂಡಿನ ಸೆರೆಮನೆಗಳು ಜುಲ್ಮಾನೆ ಕಟ್ಟಲಾರದ ಬಡವರಿಂದ ತುಂಬಿದ್ದವು. ಬೀದಿಯಲ್ಲಿ ಕುಡಿದು ಗಲಾಟೆ ಮಾಡಿದವನಿಗೆ ಕೆಲವು ಶಿಲ್ಲಿಂಗ್ ದಂಡ. ಆ ಕ್ಷಣದಲ್ಲಿ ಕೈಯಲ್ಲಿ ಹಣವಿಲ್ಲದಿದ್ದರೆ ಅಂದೇ ಸೆರೆಮನೆ. ವಿನ್‌ಸ್ಟನ್ ಚರ್ಚಿಲ್ ಅವರು 1910ರಲ್ಲಿ ಗೃಹಮಂತ್ರಿಯಾಗಿದ್ದಾಗ ಪಾರ್ಲಿಮೆಂಟಿನಲ್ಲಿ ಈ ವಿಷಯವನ್ನೆತ್ತಿ, ಇಂಥವರಿಗೆ ಹಣ ಕಟ್ಟಲು ಕಾಲಾವಕಾಶ ಕೊಡಬೇಕೆಂದು ವಾದಿಸಿದರು. 1914ರ ಕಾಯ್ದೆಯು ಆ ಅವಕಾಶವನ್ನು ಸಾಮಾನ್ಯ ನಿಯಮವನ್ನಾಗಿಸಿತು. ದಂಡ ಕಟ್ಟದೆ ಸೆರೆಗೆ ಹೋಗುವವರ ಸಂಖ್ಯೆ ಮುಂದಿನ ವರ್ಷಗಳಲ್ಲಿ ಬಹಳವಾಗಿ ಇಳಿಯಿತು. ಮಹಾಯುದ್ಧದ ಕಾಲದಲ್ಲಿ ಉದ್ಯೋಗ ಹೆಚ್ಚಿದ್ದೂ ಅದಕ್ಕೆ ನೆರವಾಗಿರಬೇಕು. ಬಳಿಕ 1935ರಲ್ಲಿ ಬಂದ ಇನ್ನೊಂದು ಕಾಯ್ದೆಯು, ಬಾಕಿದಾರನನ್ನು ಸೆರೆಗೆ ಕಳುಹಿಸುವ ಮೊದಲು ಅವನ ವರಮಾನವೇನು, ಬಾಕಿ ಉಳಿದದ್ದೇಕೆ ಎಂದು ನ್ಯಾಯಾಲಯವು ವಿಚಾರಿಸಬೇಕೆಂದು ಕಟ್ಟುಮಾಡಿತು.

ಈ ಎರಡನೆಯ ಹೆಜ್ಜೆಯೇ ನಮ್ಮ ವಿಷಯದ ಹೃದಯ. ಉದ್ರಿ ಕೊಟ್ಟ ವರ್ತಕನು ಬಾಕಿಪಟ್ಟಿಯನ್ನು ತೆರೆದಾಗ ಮೊದಲು ವಿಂಗಡಿಸುವುದು ಇದನ್ನೇ. ಇವನು ಕೊಡಲಾರದವನೋ, ಕೊಡಲೊಲ್ಲದವನೋ? ಮೊದಲನೆಯವನಿಗೆ ವಾಯಿದೆ ಕೊಡುತ್ತೇವೆ, ಕಂತು ಮಾಡುತ್ತೇವೆ. ಎರಡನೆಯವನ ಮೇಲೆ ದಾವೆ ಹೂಡುತ್ತೇವೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ವರ್ತಕನಿಗೆ ಹಣವೂ ಬರುವುದಿಲ್ಲ, ಹೆಸರೂ ಉಳಿಯುವುದಿಲ್ಲ.

ಹ್ಯೂಸ್ಟನ್ ನಗರದ ಒಂಬತ್ತು ಪ್ರಕರಣಗಳು

ಇಂಗ್ಲಿಷ್ ಕಾನೂನಿನ ಬೇರಿನಿಂದಲೇ ಬೆಳೆದ ಅಮೆರಿಕದಲ್ಲಿ ಈ ಪ್ರಶ್ನೆಯು ಸಂಚಾರ ದಂಡದ ರೂಪದಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎಂಟನೆಯ ತಿದ್ದುಪಡಿ ವಿಪರೀತ ಜುಲ್ಮಾನೆಯನ್ನು ನಿಷೇಧಿಸಿತ್ತು. ಆದರೆ ಮೊತ್ತವು ವಿಪರೀತವಲ್ಲದಿದ್ದರೂ ಕಟ್ಟಲಾರದವನ ಗತಿಯೇನು ಎಂಬುದು ಇತ್ಯರ್ಥವಾಗಿರಲಿಲ್ಲ.

ಮೊದಲು 1970ರಲ್ಲಿ ಇಲಿನಾಯ್ ರಾಜ್ಯದ ವಿಲಿಯಮ್ಸ್ ಎಂಬವನ ಮೊಕದ್ದಮೆ ಬಂದಿತು. ಸಣ್ಣ ಕಳವಿಗಾಗಿ ಅವನಿಗೆ ಒಂದು ವರ್ಷದ ಗರಿಷ್ಠ ಸೆರೆವಾಸ, 500 ಡಾಲರ್ ದಂಡ ಮತ್ತು 5 ಡಾಲರ್ ನ್ಯಾಯಾಲಯದ ವೆಚ್ಚ ವಿಧಿಸಲಾಗಿತ್ತು. ಕಟ್ಟದಿದ್ದರೆ ದಿನಕ್ಕೆ 5 ಡಾಲರಿನಂತೆ ಸೆರೆಯಲ್ಲಿ ಕಳೆದು ತೀರಿಸಬೇಕು. ಅಂದರೆ ಇನ್ನೂ 101 ದಿನ. ಕಾನೂನು ಗೊತ್ತುಮಾಡಿದ ಗರಿಷ್ಠ ಅವಧಿಯನ್ನು ಮೀರಿ, ಬಡತನವೊಂದೇ ಕಾರಣವಾಗಿ ಒಬ್ಬನನ್ನು ಸೆರೆಯಲ್ಲಿಡುವುದು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಮರುವರ್ಷ ಬಂದದ್ದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಪ್ರೆಸ್ಟನ್ ಟೇಟ್ ಎಂಬವನ ಮೊಕದ್ದಮೆ. ಒಂಬತ್ತು ಸಂಚಾರ ಅಪರಾಧಗಳಿಗಾಗಿ ಅವನ ಮೇಲೆ ಬಿದ್ದ ಜುಲ್ಮಾನೆಯ ಒಟ್ಟು ಮೊತ್ತ 425 ಡಾಲರ್. ಹೆಂಡತಿ ಮತ್ತು ಇಬ್ಬರು ಮಕ್ಕಳ ಹೊಣೆ ಹೊತ್ತಿದ್ದ ಅವನು ಸಿಕ್ಕ ಕೆಲಸ ಮಾಡಿ ಬದುಕುತ್ತಿದ್ದವನು. ವಾರದ ಗಳಿಕೆ 25ರಿಂದ 60 ಡಾಲರ್. ಮಾಜಿ ಸೈನಿಕನೆಂದು ತಿಂಗಳಿಗೆ 104 ಡಾಲರ್ ಬರುತ್ತಿತ್ತು. ಟೆಕ್ಸಾಸಿನ ಕಾನೂನಿನಂತೆ ಇಂಥ ಸಂಚಾರ ಅಪರಾಧಗಳಿಗೆ ಸೆರೆವಾಸದ ಶಿಕ್ಷೆಯೇ ಇರಲಿಲ್ಲ, ಕೇವಲ ಹಣದ ದಂಡ. ಆದರೆ ಕಟ್ಟಲಾರದವನು ದಿನಕ್ಕೆ 5 ಡಾಲರಿನ ಲೆಕ್ಕದಲ್ಲಿ ನಗರದ ಸೆರೆತೋಟದಲ್ಲಿ ಇರಬೇಕಾಗಿತ್ತು. 425ನ್ನು ಐದರಿಂದ ಭಾಗಿಸಿದರೆ 85 ದಿನಗಳು.

ಈ ಲೆಕ್ಕವನ್ನು ಒಂದು ಕ್ಷಣ ನಿಂತು ನೋಡಬೇಕು. ಹಣವುಳ್ಳವನಿಗೆ ಕಾನೂನು ಸೆರೆಮನೆಯನ್ನು ತೋರಿಸುವುದೇ ಇಲ್ಲ. ಅದೇ ಕಾನೂನು, ಅದೇ ತಪ್ಪು. ಬಡವನಿಗೆ ಎಂಬತ್ತೈದು ದಿನಗಳ ಸೆರೆ. ಈ ಎಂಬತ್ತೈದು ದಿನಗಳನ್ನು ಶಾಸನಸಭೆಯೂ ವಿಧಿಸಲಿಲ್ಲ, ಅಪರಾಧವೂ ತರಲಿಲ್ಲ. ಅವನ ಬರಿಗೈಯೇ ತಂದಿತು.

1971ರ ಮಾರ್ಚ್ 2ರಂದು ನ್ಯಾಯಮೂರ್ತಿ ಬ್ರೆನನ್ ಅವರು ಬರೆದ ತೀರ್ಪು ಟೇಟ್‌ನ ಪರವಾಗಿ ಬಂದಿತು. ದಂಡವನ್ನೇ ಶಿಕ್ಷೆಯಾಗಿ ಗೊತ್ತುಮಾಡಿ, ಒಬ್ಬನು ಬಡವನಾಗಿ ಒಡನೆಯೇ ಕಟ್ಟಲಾರನೆಂಬ ಕಾರಣಕ್ಕೆ ಅದನ್ನು ತಾನಾಗಿಯೇ ಸೆರೆವಾಸವಾಗಿ ಮಾರ್ಪಡಿಸುವಂತಿಲ್ಲವೆಂದು ನ್ಯಾಯಾಲಯ ಸಾರಿತು. ತೀರ್ಪಿನಲ್ಲಿ ವ್ಯವಹಾರದ ಮಾತೊಂದಿದೆ. ಇಂಥವನನ್ನು ಸೆರೆಗೆ ಹಾಕುವುದರಿಂದ ರಾಜ್ಯದ ಆದಾಯ ಹೆಚ್ಚುವುದಿಲ್ಲ, ಅವನ ಊಟವಸತಿಯ ಖರ್ಚೂ ರಾಜ್ಯದ ತಲೆಯ ಮೇಲೆಯೇ ಬೀಳುತ್ತದೆ ಎಂಬುದು ಅದರ ತಾತ್ಪರ್ಯ. ಕಂತುಗಳಲ್ಲಿ ವಸೂಲಿ ಮಾಡುವಂಥ ಬೇರೆ ಮಾರ್ಗಗಳು ರಾಜ್ಯಕ್ಕೆ ಇದ್ದೇ ಇವೆ ಎಂದೂ ನ್ಯಾಯಾಲಯ ತೋರಿಸಿತು. ಹಣವಿದ್ದೂ ಕಟ್ಟದವನಿಗೆ ಮಾತ್ರ ಈ ತೀರ್ಪು ಯಾವ ಆಶ್ರಯವನ್ನೂ ಕೊಡಲಿಲ್ಲ.

ಕೇಳಬೇಕಾದ ಪ್ರಶ್ನೆ

ಅದೇ ನ್ಯಾಯಾಲಯವು 1983ರಲ್ಲಿ ಜಾರ್ಜಿಯಾ ರಾಜ್ಯದ ಡ್ಯಾನಿ ಬಿಯರ್ಡನ್ ಎಂಬವನ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಳವಿನ ಪ್ರಕರಣದಲ್ಲಿ ಅವನನ್ನು ಸೆರೆಗೆ ಕಳುಹಿಸದೆ ನಿಗಾವಣೆಯಲ್ಲಿಟ್ಟು, 500 ಡಾಲರ್ ದಂಡ ಮತ್ತು 250 ಡಾಲರ್ ಪರಿಹಾರ ಕಟ್ಟಲು ಹೇಳಲಾಗಿತ್ತು. ತಂದೆತಾಯಿಯರಿಂದ ಸಾಲ ತಂದು 200 ಡಾಲರ್ ಕಟ್ಟಿದ. ಸುಮಾರು ಒಂದು ತಿಂಗಳಲ್ಲಿ ಕೆಲಸ ಹೋಯಿತು. ಓದುಬರಹ ಬಾರದ ಅವನಿಗೆ ಬೇರೆ ಕೆಲಸ ಸಿಗಲಿಲ್ಲ. ಉಳಿದ 550 ಡಾಲರ್ ಕಟ್ಟದ ಕಾರಣ ಅವನನ್ನು ಸೆರೆಗೆ ಹಾಕಿದರು. ಕಟ್ಟದಿರಲು ಕಾರಣವೇನೆಂದು ಕೇಳಿ ತಿಳಿಯದೆ ಹೀಗೆ ಮಾಡುವಂತಿಲ್ಲವೆಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರ ತೀರ್ಪು ಹೇಳಿತು. ಅವನು ಹಣ ಹೊಂದಿಸಲು ಪ್ರಾಮಾಣಿಕವಾಗಿ ಯತ್ನಿಸಿದ್ದರೆ, ಸೆರೆಯಲ್ಲದ ಬೇರೆ ಶಿಕ್ಷೆ ಸಾಕಾಗುತ್ತದೆಯೇ ಎಂದು ಮೊದಲು ನೋಡಬೇಕು.

ತೀರ್ಪು ಬರುವುದು ಬೇರೆ, ಕೆಳಗಿನ ನ್ಯಾಯಾಲಯದಲ್ಲಿ ಆ ಪ್ರಶ್ನೆಯನ್ನು ಕೇಳುವುದು ಬೇರೆ. ಮಿಸ್ಸೂರಿ ರಾಜ್ಯದ ಫರ್ಗ್ಯುಸನ್ ಎಂಬ ಸಣ್ಣ ಪಟ್ಟಣದಲ್ಲಿ 2014ರ ಆಗಸ್ಟಿನಲ್ಲಿ ಪೊಲೀಸನ ಗುಂಡಿಗೆ ಕಪ್ಪು ಜನಾಂಗದ ತರುಣನೊಬ್ಬ ಬಲಿಯಾಗಿ ದೊಡ್ಡ ಪ್ರತಿಭಟನೆಗಳು ನಡೆದವು. ಅಮೆರಿಕದ ನ್ಯಾಯ ಇಲಾಖೆಯು ತನಿಖೆ ನಡೆಸಿ 2015ರ ಮಾರ್ಚಿನಲ್ಲಿ ವರದಿ ಪ್ರಕಟಿಸಿತು. ಸುಮಾರು 21,000 ಜನಸಂಖ್ಯೆಯ ಆ ಪಟ್ಟಣದ ನ್ಯಾಯಾಲಯದಲ್ಲಿ 16,000ಕ್ಕೂ ಹೆಚ್ಚು ಜನರ ಮೇಲೆ ವಾರಂಟುಗಳು ಬಾಕಿ ಇದ್ದವು. ಅವರಲ್ಲಿ ಹೊರಗಿನವರೂ ಸೇರಿದ್ದರು. ಪಟ್ಟಣದ ಆಡಳಿತವು ಜುಲ್ಮಾನೆಯನ್ನು ಆದಾಯದ ಮೂಲವೆಂದು ಬಗೆದು, ಹೆಚ್ಚು ಹೆಚ್ಚು ದಂಡ ವಸೂಲಿಗೆ ಪೊಲೀಸರನ್ನು ಒತ್ತಾಯಿಸುತ್ತಿತ್ತು.

ಆ ವರದಿಯಲ್ಲಿ ಹೆಸರಿಲ್ಲದ ಒಬ್ಬ ಮಹಿಳೆಯ ಕಥೆಯಿದೆ. 2007ರಲ್ಲಿ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಅವಳಿಗೆ 151 ಡಾಲರ್ ಮತ್ತು ಶುಲ್ಕಗಳ ದಂಡ ಬಿತ್ತು. ಆರ್ಥಿಕ ಸಂಕಟದಲ್ಲಿದ್ದ ಅವಳು ಕೆಲವು ವಾಯಿದೆಗಳನ್ನು ತಪ್ಪಿಸಿದಳು. ಒಂದೊಂದಕ್ಕೂ ಹೊಸ ದಂಡ, ಹೊಸ ಶುಲ್ಕ, ವಾರಂಟು. ಆರು ದಿನ ಸೆರೆವಾಸವೂ ಆಯಿತು. ಏಳು ವರ್ಷಗಳ ಬಳಿಕ, 2014ರ ಕೊನೆಗೆ, ಅವಳು ಕಟ್ಟಿದ್ದು 550 ಡಾಲರ್. ಇನ್ನೂ ಕಟ್ಟಬೇಕಾದದ್ದು 541 ಡಾಲರ್. ಒಮ್ಮೆ ಸ್ವಲ್ಪ ಹಣವನ್ನಾದರೂ ಕಟ್ಟುತ್ತೇನೆಂದು ಬಂದಾಗ ಪೂರ್ತಿ ಕಟ್ಟದಿದ್ದರೆ ಬೇಡವೆಂದು ಹಿಂದಿರುಗಿಸಿದ್ದೂ ಉಂಟು. ಯಾವ ಬಡ್ಡಿವ್ಯಾಪಾರಿಯೂ ನಾಚುವಂಥ ಖಾತೆಯಿದು.

ಆದಾಯಕ್ಕಾಗಿ ದಂಡ ಎಂಬುದು ಅಮೆರಿಕದವರು ಕಂಡುಹಿಡಿದದ್ದಲ್ಲ. ನಮ್ಮ ನಾಡಿನ ಹಳೆಯ ದತ್ತಿಶಾಸನಗಳಲ್ಲಿ ಭೂಮಿಯ ಜೊತೆಗೆ ಅಲ್ಲಿ ಹುಟ್ಟುವ ದಂಡದ ಆದಾಯವನ್ನೂ ಬಿಟ್ಟುಕೊಟ್ಟ ಉಲ್ಲೇಖಗಳು ಸಿಗುತ್ತವೆ. ದಂಡವು ಆದಾಯದ ಬಾಬ್ತಾದೊಡನೆ, ವಸೂಲಿ ಮಾಡುವವನ ಕಣ್ಣು ತಪ್ಪಿನ ಮೇಲಿಂದ ಮೊತ್ತದ ಮೇಲೆ ಹೊರಳುವ ಅಪಾಯ ಎಲ್ಲ ಕಾಲಕ್ಕೂ ಇದ್ದದ್ದೇ.

ಪಾಠವನ್ನು ಕೆಲವೆಡೆ ಕಲಿತದ್ದೂ ಉಂಟು. ಟೇಟ್‌ನ ಟೆಕ್ಸಾಸ್ ರಾಜ್ಯವೇ 2017ರಲ್ಲಿ, ಶಿಕ್ಷೆ ವಿಧಿಸುವಾಗಲೇ ಕಟ್ಟುವ ಶಕ್ತಿಯಿದೆಯೇ ಎಂದು ನ್ಯಾಯಾಧೀಶರು ವಿಚಾರಿಸಬೇಕೆಂಬ ಕಾನೂನು ಮಾಡಿತು. ತೀರ್ಪಿನಿಂದ ಅಲ್ಲಿಗೆ ನಲವತ್ತಾರು ವರ್ಷಗಳು ಸಂದಿದ್ದವು. ಕ್ಯಾಲಿಫೋರ್ನಿಯಾ ರಾಜ್ಯವು ಅದೇ ವರ್ಷ, ಸಂಚಾರ ದಂಡ ಬಾಕಿಯಿದ್ದ ಮಾತ್ರಕ್ಕೆ ಚಾಲನಾ ಪರವಾನಗಿಯನ್ನು ಅಮಾನತುಗೊಳಿಸುವ ಪದ್ಧತಿಯನ್ನು ಕೈಬಿಟ್ಟಿತು. ಪರವಾನಗಿ ಹೋದವನು ಕೆಲಸಕ್ಕೆ ಹೋಗಲಾರ, ಕೆಲಸಕ್ಕೆ ಹೋಗದವನು ದಂಡ ಕಟ್ಟಲಾರ. ಮ್ಯಾಗ್ನಾ ಕಾರ್ಟಾದ 'ಸರಕನ್ನು ಉಳಿಸು' ಎಂಬ ಮಾತೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ.

ದಿನದ ಗಳಿಕೆಯೇ ಅಳತೆಗೋಲು

ಬಡವನು ಬಂದು ಬೇಡಿದ ಮೇಲೆ ವಿಚಾರಿಸುವುದು ಒಂದು ಮಾರ್ಗ. ದಂಡ ಹಾಕುವಾಗಲೇ ಎಲ್ಲರ ಶಕ್ತಿಯನ್ನೂ ಅಳೆಯುವುದು ಇನ್ನೊಂದು. ಈ ಎರಡನೆಯ ಮಾರ್ಗವನ್ನು ಫಿನ್‌ಲೆಂಡ್ ದೇಶ 1921ರಲ್ಲಿ ಹಿಡಿಯಿತು. ಸ್ವೀಡನ್ 1931ರಲ್ಲಿ, ಡೆನ್ಮಾರ್ಕ್ 1939ರಲ್ಲಿ, ಜರ್ಮನಿ 1975ರಲ್ಲಿ ಅನುಸರಿಸಿದವು. ಇದಕ್ಕೆ 'ದಿನದಂಡ' ಎನ್ನಬಹುದು. ತಪ್ಪಿನ ತೀವ್ರತೆಗೆ ತಕ್ಕಂತೆ ದಿನಗಳ ಸಂಖ್ಯೆಯನ್ನು ಗೊತ್ತುಮಾಡುತ್ತಾರೆ. ಒಂದು ದಿನದ ಬೆಲೆಯನ್ನು ಅವನವನ ವರಮಾನದಿಂದ ಲೆಕ್ಕಹಾಕುತ್ತಾರೆ. ಒಂದೇ ತಪ್ಪಿಗೆ ಕೂಲಿಯವನಿಗೂ ಧನಿಕನಿಗೂ ದಿನಗಳು ಸಮಾನ, ಮೊತ್ತ ಮಾತ್ರ ಬೇರೆ.

ಈ ಲೆಕ್ಕದಿಂದ ನೋಕಿಯಾ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರಿಗೆ ಫಿನ್‌ಲೆಂಡಿನಲ್ಲಿ 2002ರಲ್ಲಿ 1,16,000 ಯೂರೋ ದಂಡ ಬಿದ್ದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಗಂಟೆಗೆ 50 ಕಿಲೋಮೀಟರ್ ಮಿತಿಯಿದ್ದ ರಸ್ತೆಯಲ್ಲಿ ಮೋಟಾರ್ ಸೈಕಲನ್ನು 75ರ ವೇಗದಲ್ಲಿ ಓಡಿಸಿದ್ದೇ ತಪ್ಪು. ತಮ್ಮ ವರಮಾನ ಇಳಿದಿದೆಯೆಂದು ಅವರು ನ್ಯಾಯಾಲಯಕ್ಕೆ ಹೋದಾಗ ದಂಡದ ಬಹುಪಾಲು ಕಡಿತವಾಯಿತು. ಅಳತೆಗೋಲು ಸರಿಯಿದ್ದಲ್ಲಿ, ಶಕ್ತಿಗೆ ಮೀರಿದೆ ಎಂಬ ಅರ್ಜಿಯನ್ನು ಸಲ್ಲಿಸಲು ಧನಿಕನಿಗೂ ಸಂಕೋಚವಿಲ್ಲ, ಬಡವನಿಗೂ ಸಂಕೋಚವಿರಬೇಕಾಗಿಲ್ಲ.

ಎಲ್ಲೆಡೆ ಇದು ಫಲಿಸಿತೆಂದು ಹೇಳಲಾಗದು. ಇಂಗ್ಲೆಂಡ್ 1992ರ ಅಕ್ಟೋಬರಿನಲ್ಲಿ ಇಂಥದೇ ಪದ್ಧತಿಯನ್ನು ತಂದು 1993ರಲ್ಲಿಯೇ ರದ್ದುಮಾಡಿತು. ವರಮಾನದ ನಮೂನೆಯನ್ನು ತುಂಬಿಕೊಡದವನೊಬ್ಬನಿಗೆ, ಆಲೂಗಡ್ಡೆ ಚಿಪ್ಸಿನ ಖಾಲಿ ಪೊಟ್ಟಣವನ್ನು ಬೀದಿಗೆಸೆದ ತಪ್ಪಿಗೆ, 1,200 ಪೌಂಡ್ ದಂಡ ಬಿದ್ದಿತ್ತು. ಜನ ನಕ್ಕರು, ಪತ್ರಿಕೆಗಳು ಕಿಡಿಕಾರಿದವು. ವರಮಾನದ ಲೆಕ್ಕ ಸರಿಯಾಗಿ ಸಿಗದೆ ದಂಡದ ಲೆಕ್ಕ ಸರಿಯಾಗದು ಎಂಬುದೇ ಇದರ ಪಾಠ.

ನಮ್ಮ ದೇಶದ ಕಾನೂನು

ಭಾರತದ ದಂಡ ಸಂಹಿತೆಯ ಕರಡನ್ನು 1837ರಲ್ಲಿ ಮೆಕಾಲೆಯವರ ನೇತೃತ್ವದ ಆಯೋಗವು ಸಿದ್ಧಪಡಿಸಿತು. ಅದರೊಂದಿಗಿನ ಟಿಪ್ಪಣಿಯಲ್ಲಿ ಜುಲ್ಮಾನೆಯ ಕುರಿತು ಒಂದು ಸೂಕ್ಷ್ಮ ವಿಚಾರವಿದೆ. ಕೂಲಿಕಾರನನ್ನು ಹಾಳುಮಾಡುವ ಮೊತ್ತವನ್ನು ವ್ಯಾಪಾರಿಯು ಸುಲಭವಾಗಿ ಭರಿಸುತ್ತಾನೆ, ಶ್ರೀಮಂತ ಜಮೀನ್ದಾರನಿಗಾದರೋ ಅದು ಅನುಭವಕ್ಕೇ ಬರುವುದಿಲ್ಲ. ಆದ್ದರಿಂದ ದಂಡ ವಿಧಿಸುವಾಗ ತಪ್ಪಿನ ಗುರುತ್ವದಷ್ಟೇ ತಪ್ಪಿತಸ್ಥನ ಸ್ಥಿತಿಯನ್ನೂ ಗಮನಿಸಬೇಕೆಂಬುದು ಅದರ ಸಾರಾಂಶ. 1860ರಲ್ಲಿ ಅಂಗೀಕೃತವಾದ ಸಂಹಿತೆಯ 63ನೆಯ ಕಲಮು, ಮೊತ್ತವನ್ನು ಹೇಳಿರದ ಕಡೆ ದಂಡಕ್ಕೆ ಮಿತಿಯಿಲ್ಲವಾದರೂ ಅದು ವಿಪರೀತವಾಗಿರಬಾರದೆಂದು ಹೇಳಿತು.

ಅದೇ ಸಂಹಿತೆಯ 67ನೆಯ ಕಲಮು, ಕೇವಲ ದಂಡದ ಶಿಕ್ಷೆಯಿರುವ ಅಪರಾಧಗಳಲ್ಲಿ ಕಟ್ಟದವನಿಗೆ ಎಷ್ಟು ಕಾಲದ ಸೆರೆಯೆಂದು ಗೊತ್ತುಮಾಡಿತು: 50 ರೂಪಾಯಿವರೆಗೆ ಎರಡು ತಿಂಗಳು, 100 ರೂಪಾಯಿವರೆಗೆ ನಾಲ್ಕು ತಿಂಗಳು, ಅದಕ್ಕೂ ಮೇಲಾದರೆ ಆರು ತಿಂಗಳು ಮೀರದಂತೆ. ನೂರು ವರ್ಷಗಳಾಚೆಗೂ ಈ ಮೊತ್ತಗಳು ಹಾಗೆಯೇ ಉಳಿದುಕೊಂಡವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಅವನ್ನು 5,000 ಮತ್ತು 10,000 ರೂಪಾಯಿಗಳಿಗೆ ಏರಿಸಿದೆ. ಅದಕ್ಕೂ ಮೇಲ್ಪಟ್ಟದ್ದಕ್ಕೆ ಒಂದು ವರ್ಷದವರೆಗೆ ಸೆರೆಯಾಗಬಹುದು. ದಂಡದ ಒಂದು ಭಾಗವನ್ನು ಕಟ್ಟಿದರೆ ಆ ಪ್ರಮಾಣದಲ್ಲಿ ಸೆರೆಯ ಅವಧಿಯೂ ಇಳಿಯುತ್ತದೆ. ನೂರು ರೂಪಾಯಿಗೆ ನಾಲ್ಕು ತಿಂಗಳೆಂದಿದ್ದು, ಮೊದಲ ತಿಂಗಳು ಮುಗಿಯುವುದರೊಳಗೆ ಎಪ್ಪತ್ತೈದು ಕಟ್ಟಿದರೆ ತಿಂಗಳ ಕೊನೆಗೆ ಬಿಡುಗಡೆಯೆಂದು ಹಳೆಯ ಸಂಹಿತೆಯೇ ಲೆಕ್ಕ ಮಾಡಿ ತೋರಿಸಿತ್ತು.

ಬಡವನಿಗೆ ಹೆಚ್ಚು ಉಪಯುಕ್ತವಾದದ್ದು ಇನ್ನೊಂದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 424ನೆಯ ಕಲಮಿನಂತೆ, ಕೇವಲ ದಂಡವನ್ನೂ ಕಟ್ಟದಿದ್ದರೆ ಸೆರೆಯನ್ನೂ ವಿಧಿಸಿದಲ್ಲಿ, ನ್ಯಾಯಾಲಯವು ಮುಚ್ಚಳಿಕೆ ಬರೆಸಿಕೊಂಡು ಮೂವತ್ತು ದಿನಗಳ ಅವಕಾಶ ಕೊಡಬಹುದಾಗಿತ್ತು. ಇಲ್ಲವೇ ಎರಡು ಮೂರು ಕಂತುಗಳನ್ನು ಮಾಡಿಕೊಡಬಹುದಾಗಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಅವಕಾಶ ಮುಂದುವರಿದಿದೆ. ನಮ್ಮ ಸರ್ವೋಚ್ಚ ನ್ಯಾಯಾಲಯವು ಸಿವಿಲ್ ಸಾಲದ ವಿಷಯದಲ್ಲಿ 1980ರಲ್ಲಿಯೇ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಲೇಖನಿಯಿಂದ ತೀರ್ಪಿತ್ತಿದೆ. ತೀರಿಸಲಾಗದ ಬಡತನವೊಂದೇ ಸೆರೆಗೆ ಕಾರಣವಾಗದು, ದುರುದ್ದೇಶದಿಂದ ಕೊಡದಿರುವುದು ಕಂಡುಬರಬೇಕು ಎಂಬುದು ಅದರ ನಿಲುವು. 2007ರಲ್ಲಿ ಶಾಂತಿಲಾಲ್ ಪ್ರಕರಣದಲ್ಲಿ, ದಂಡ ಕಟ್ಟದ್ದಕ್ಕಾಗಿ ವಿಧಿಸುವ ಸೆರೆಯನ್ನು ಗೊತ್ತುಮಾಡುವಾಗ ಅಪರಾಧಿಯ ಆರ್ಥಿಕ ಸ್ಥಿತಿಯನ್ನೂ ನ್ಯಾಯಾಲಯ ಗಮನಿಸಬೇಕೆಂದು ಹೇಳಿದೆ.

ಸಂಚಾರ ದಂಡದ ಸಂಗತಿ ಸ್ವಲ್ಪ ಬೇರೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯು ದಂಡಗಳನ್ನು ಹಲವು ಪಟ್ಟು ಏರಿಸಿತು. ಪರವಾನಗಿಯಿಲ್ಲದೆ ವಾಹನ ಓಡಿಸಿದರೆ 500 ಇದ್ದದ್ದು 5,000 ಆಯಿತು. ಶಿರಸ್ತ್ರಾಣವಿಲ್ಲದಿದ್ದರೆ 100 ಇದ್ದದ್ದು 1,000 ಆಯಿತು. ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು ಸ್ಥಳದಲ್ಲಿಯೇ ಕಟ್ಟುವ ರಾಜಿ ಮೊತ್ತಗಳಲ್ಲಿ ಕೆಲವನ್ನು ಅದೇ ತಿಂಗಳಲ್ಲಿ ತಗ್ಗಿಸಿದವು. ಶಾಸನವೇ ಮೊತ್ತವನ್ನು ಕಟ್ಟುನಿಟ್ಟಾಗಿ ಹೇಳಿರುವಲ್ಲಿ ದಂಡಾಧಿಕಾರಿಗಳಿಗೆ ಪೂರ್ತಿ ಮನ್ನಾ ಮಾಡುವ ಸ್ವಾತಂತ್ರ್ಯ ಕಡಿಮೆ. ಸಮುದಾಯ ಸೇವೆಯ ಮಾತು ಆ ತಿದ್ದುಪಡಿಯಲ್ಲಿ ಇದೆಯಾದರೂ ಅದು ರಾಜಿ ಮೊತ್ತದ ಜೊತೆಗೆ ವಿಧಿಸುವಂಥದು, ಮೊತ್ತದ ಬದಲಿಗೆ ಅಲ್ಲ.

ನಮ್ಮ ರಾಜ್ಯದಲ್ಲಿ 2023ರ ಫೆಬ್ರುವರಿಯಲ್ಲಿ, ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಸಲಹೆಯ ಮೇರೆಗೆ, ಬಾಕಿ ಉಳಿದ ಸಂಚಾರ ದಂಡಗಳಿಗೆ ಶೇಕಡಾ 50ರ ರಿಯಾಯಿತಿ ಕೊಡಲಾಯಿತು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಹಣ ಬಂದಿತು. 2025ರಲ್ಲಿಯೂ ಇಂಥದೇ ರಿಯಾಯಿತಿ ಬಂದಿತ್ತು. ಜನರು ಸಾಲುಗಟ್ಟಿ ನಿಂತು ಕಟ್ಟಿದ್ದು, ಬಾಕಿದಾರರಲ್ಲಿ ಅನೇಕರು ತೆರಲಾರದವರಲ್ಲವೆಂಬುದನ್ನೇ ತೋರಿಸುತ್ತದೆ. ರಿಯಾಯಿತಿಯು ಎಲ್ಲರಿಗೂ ಒಂದೇ ಸಮನಾಗಿತ್ತು. ದೊಡ್ಡ ಕಾರಿನವನಿಗೂ ಅರ್ಧ, ಆಟೋದವನಿಗೂ ಅರ್ಧ. ಇದು ವಸೂಲಿಯ ಜಾಣತನವಾಗಬಹುದು. ಬಡವನ ನ್ಯಾಯವೆಂದು ಇದನ್ನು ಕರೆಯಲಾಗದು. ಶಕ್ತಿಯನ್ನು ಅಳೆಯದೆ ಕೊಟ್ಟ ಕಡಿತವೂ, ಶಕ್ತಿಯನ್ನು ಅಳೆಯದೆ ಹಾಕಿದ ದಂಡದಂತೆಯೇ ಕುರುಡು.

ಆಕ್ಷೇಪವೂ ಉತ್ತರವೂ

ಇಲ್ಲೊಂದು ಗಂಭೀರವಾದ ಆಕ್ಷೇಪವಿದೆ. ರಸ್ತೆಯಲ್ಲಿ ಸಾಯುವವನಿಗೆ ತನ್ನ ಮೇಲೆ ಹರಿದ ವಾಹನದ ಚಾಲಕ ಬಡವನೋ ಧನಿಕನೋ ಎಂಬ ಭೇದವಿಲ್ಲ. ಬಡತನದ ಹೆಸರಿನಲ್ಲಿ ದಂಡವನ್ನು ಬಿಡುತ್ತ ಹೋದರೆ ನಿಯಮದ ಭಯವೇ ಹೋಗುವುದಿಲ್ಲವೇ? ಪಾದಚಾರಿಗಳೂ ಸೈಕಲ್ ಸವಾರರೂ ಬಹುಪಾಲು ಬಡವರೇ. ಅವರ ರಕ್ಷಣೆಗೆ ಇರುವುದೂ ಇದೇ ನಿಯಮ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಟೇಟ್‌ನ ತೀರ್ಪೂ ತಳ್ಳಿಹಾಕಲಿಲ್ಲ. ಅವನ ಒಂಬತ್ತು ತಪ್ಪುಗಳು ತಪ್ಪುಗಳಾಗಿಯೇ ಉಳಿದವು. ಶಕ್ತಿಗೆ ತಕ್ಕ ಮೊತ್ತ, ಕಾಲಾವಕಾಶ, ಕಂತು ಇವೆಲ್ಲ ಶಿಕ್ಷೆಯನ್ನು ಅಳಿಸುವುದಿಲ್ಲ. ಅದು ತನ್ನ ಗುರಿಗೆ ತಾಗಿ ಅಲ್ಲಿಗೇ ನಿಲ್ಲುವಂತೆ ಮಾಡುತ್ತವೆ. ಇನ್ನೊಂದು ಕಡೆಯಿಂದ ನೋಡಿದರೆ, ಧನಿಕನಿಗೆ ತಾಗದ ದಂಡ ದಂಡವೇ ಅಲ್ಲ, ತಪ್ಪು ಮಾಡಲು ಕೊಟ್ಟ ಬೆಲೆ. ಬೆಲೆ ಕೊಟ್ಟವನಿಗೆ ಪಶ್ಚಾತ್ತಾಪವೆಲ್ಲಿಯದು?

ಸುಳ್ಳು ಬಡತನದ ಭಯವೂ ಇದೆ. ಅದಕ್ಕಾಗಿಯೇ ವಿಚಾರಣೆ ಬೇಕಾದದ್ದು. ನ್ಯಾಯಾಲಯಕ್ಕೆ ಅರ್ಜಿ ಕೊಡುವವನು ಬರಿದೇ 'ಬಡವ' ಎಂದರೆ ಸಾಲದು. ತಿಂಗಳ ವರಮಾನ, ಅವಲಂಬಿತರ ಸಂಖ್ಯೆ, ಮನೆ ಬಾಡಿಗೆ, ಔಷಧಿಯ ವೆಚ್ಚ, ಇರುವ ಸಾಲ, ಈಗ ಕಟ್ಟಬಲ್ಲ ಮೊತ್ತ ಇವನ್ನು ಯಥಾರ್ಥವಾಗಿ ಬರೆದು, ದಾಖಲೆಯಿದ್ದರೆ ಲಗತ್ತಿಸಬೇಕು. ಮನ್ನಾ ಸಾಧ್ಯವಿಲ್ಲದಲ್ಲಿ ಕಡಿತವನ್ನೂ, ಅದೂ ಸಾಧ್ಯವಿಲ್ಲದಲ್ಲಿ ಕಾಲಾವಕಾಶವನ್ನೂ ಕಂತನ್ನೂ ಕೋರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕರೆದ ದಿನ ನ್ಯಾಯಾಲಯಕ್ಕೆ ಹಾಜರಾಗಬೇಕು. ಫರ್ಗ್ಯುಸನ್ನಿನ ಆ ಮಹಿಳೆಯ 151 ಡಾಲರ್ ಬೆಳೆದದ್ದು ಗೈರುಹಾಜರಿಯ ಮೇಲೆಯೇ. ಹಣವಿಲ್ಲದವನು ಹೆದರಿ ಮನೆಯಲ್ಲಿ ಕುಳಿತರೆ, ತೆರಲಾರದವನು ತೆರಲೊಲ್ಲದವನಂತೆ ಕಾಣುತ್ತಾನೆ. 1995ರಲ್ಲಿ ಜಾರಿಗೆ ಬಂದ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಮಿಕರಿಗೆ, ಅಂಗವಿಕಲರಿಗೆ ಮತ್ತು ಗೊತ್ತಾದ ಮಿತಿಗಿಂತ ಕಡಿಮೆ ವರಮಾನದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ವಿಚಾರಿಸಿದರೆ ಸಾಕು.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಚಾಲಕರು, ಸರಕು ತಲುಪಿಸುವ ಹುಡುಗರು, ಅಡಿಗೆಯವರು, ಕಾವಲುಗಾರರು ದುಡಿಯುತ್ತಿದ್ದಾರೆ. ನಮ್ಮ ಅವಸರಕ್ಕಾಗಿ ಅವರು ವೇಗ ಮೀರಿದರೆ, ನಾವು ವಿಮೆ ನವೀಕರಿಸದ ವಾಹನವನ್ನು ಅವರು ಓಡಿಸಿ ಸಿಕ್ಕಿಬಿದ್ದರೆ, ಆ ದಂಡದ ಲೆಕ್ಕವನ್ನು ಅವರ ಸಂಬಳದಲ್ಲಿ ಮುರಿದುಕೊಳ್ಳುವುದು ನ್ಯಾಯವೇ ಎಂದು ಒಡೆಯನಾದವನು ಯೋಚಿಸಬೇಕು. ಟ್ರಸ್ಟುಗಳಿಗೂ ಇಲ್ಲಿ ಕೆಲಸವಿದೆ. ಸೆರೆಯಲ್ಲಿರುವ ಬಡವರ ದಂಡದ ಬಾಕಿಗೆ 25,000 ರೂಪಾಯಿವರೆಗೆ ನೆರವಾಗುವ ಯೋಜನೆಯೊಂದನ್ನು ಕೇಂದ್ರ ಸರಕಾರವು 2023ರಲ್ಲಿ ತಂದಿದೆ. ಅದು ಅರ್ಹರಿಗೆ ತಲುಪುವಂತೆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದೊಡನೆ ಮಾತನಾಡುವುದು, ಅರ್ಜಿ ಬರೆದುಕೊಡುವುದು, ತಮ್ಮ ನಿಬಂಧನೆಗಳಲ್ಲಿ ಅವಕಾಶವಿದ್ದರೆ ಕೊರತೆಯ ಹಣ ತುಂಬುವುದು, ಇವು ಹೆಚ್ಚು ಖರ್ಚಿಲ್ಲದ ಕೆಲಸಗಳು.

ರನ್ನಿಮೀಡಿನ ಬಯಲಿನಿಂದ ಹ್ಯೂಸ್ಟನ್ನಿನ ಸೆರೆತೋಟದವರೆಗೆ, ಮೆಕಾಲೆಯವರ ಟಿಪ್ಪಣಿಯಿಂದ ಇಂದಿನ ಸಂಚಾರ ದಂಡದ ಚೀಟಿಯವರೆಗೆ, ಚರಿತ್ರೆ ಮತ್ತೆ ಮತ್ತೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಬಳಿ. ಆ ಪ್ರಶ್ನೆಯನ್ನು ನ್ಯಾಯಾಲಯವು ತಾನಾಗಿ ಕೇಳಿದರೆ ಒಳ್ಳೆಯದು. ಕೇಳದಿದ್ದಾಗ ಬಡವನೇ ಎದ್ದು ನಿಂತು ತನ್ನ ವರಮಾನವನ್ನು ಹೇಳಬೇಕಾಗುತ್ತದೆ. ಹಾಗೆ ಹೇಳುವವನನ್ನು ಬೇಡಲು ಬಂದವನೆಂದು ಭಾವಿಸಬಾರದು. ನ್ಯಾಯಾಧೀಶರ ತಕ್ಕಡಿಯಲ್ಲಿ ತಪ್ಪಿನ ತೂಕ ಆಗಲೇ ಇದೆ. ಅವನು ತಂದಿರುವುದು ಇನ್ನೊಂದು ತಟ್ಟೆಗೆ ಬೇಕಾದ ಕಲ್ಲನ್ನು.